ಮಠದ ಬೂಟುಗಳು

ಯೂರೋಪಿನ ಕತ್ತಲ ಯುಗದಲ್ಲಿ ಜ್ಞಾನದ ದೀಪ ಆರದಂತೆ ಕಾಪಾಡಿದವರು ಕ್ರೈಸ್ತ ಸನ್ಯಾಸಿಗಳು ಅಂತ ಕಾಲೇಜಿನಲ್ಲಿ ನಾವೆಲ್ಲ ಬರೆದು ಅಂಕ ತಗೊಂಡಿದ್ದೇವೆ. ಕಾಪಾಡಿದ್ದು ನಿಜವೇ. ಆದರೆ ದೀಪ ಹಿಡಿದವರ ಹೊಟ್ಟೆಗೆ ರೊಟ್ಟಿ ಎಲ್ಲಿಂದ ಬಂತು ಅನ್ನೋ ಪ್ರಶ್ನೆ ಪತ್ರಿಕೆಯಲ್ಲಿ ಇರಲಿಲ್ಲ. ನಾವೂ ಕೇಳಲಿಲ್ಲ. ಈಗ ಕೇಳಬೇಕಾಗಿದೆ.

ಮೊದಲು ಬೆನೆಡಿಕ್ಟನ ನಿಯಮಾವಳಿ. 6ನೇ ಶತಮಾನದಲ್ಲಿ ಇಟಲಿಯಲ್ಲಿ ಬರೆದದ್ದು, 73 ಅಧ್ಯಾಯ. ಪುರೋಹಿತಶಾಹಿಯ ಪುಸ್ತಕ ಅಂತ ಇದನ್ನು ಮೂಲೆಗೆ ಎಸೆಯಲು ನಮಗೆ ಮನಸ್ಸಾಗುವುದಿಲ್ಲ. ಗುಲಾಮನಾಗಿದ್ದು ಬಂದವನಿಗಿಂತ ಸ್ವತಂತ್ರನಾಗಿ ಹುಟ್ಟಿದವನನ್ನು ಹುಟ್ಟಿನ ಕಾರಣಕ್ಕೆ ಮೇಲೆ ಕೂರಿಸಬಾರದು. ಯಾರು ಮೊದಲು ಮಠಕ್ಕೆ ಬಂದರೋ ಅವರೇ ಹಿರಿಯರು. ಅಡುಗೆ ಮನೆಯ ಕೆಲಸ ವಾರದ ಸರದಿ. ಶನಿವಾರ ಸರದಿ ಮುಗಿಸುವವನು ಎಲ್ಲರೂ ಕೈಕಾಲು ಒರೆಸಿದ ಬಟ್ಟೆ ಒಗೆದು, ಎಲ್ಲರ ಪಾದ ತೊಳೆದು, ಪಾತ್ರೆಗಳನ್ನು ಚೊಕ್ಕ ಮಾಡಿ ಒಪ್ಪಿಸಬೇಕು. ಮಠದ ಸಾಮಾನು ಸರಂಜಾಮನ್ನೆಲ್ಲ ಪೂಜೆಯ ಪಾತ್ರೆಗಳಂತೆ ಕಾಣಬೇಕು. ದುಡಿಮೆಯನ್ನೇ ಮೈಲಿಗೆ ಮಾಡಿದ ನಾಡಿನಲ್ಲಿ ಹುಟ್ಟಿದ ನಮಗೆ ಈ ಕಟ್ಟಳೆಗಳು ಎದೆಗೆ ತಾಕುತ್ತವೆ.

ಆದರೆ ಅದೇ ಪುಸ್ತಕದ 48ನೇ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಸ್ಥಳದ ಪರಿಸ್ಥಿತಿಯಿಂದಲೋ ಬಡತನದಿಂದಲೋ ಸುಗ್ಗಿಯ ಕೆಲಸವನ್ನು ಸನ್ಯಾಸಿಗಳೇ ಮಾಡಬೇಕಾಗಿ ಬಂದರೆ ಬೇಸರಪಡಬಾರದು ಅನ್ನೋ ಅರ್ಥದ ಮಾತಿದೆ. ಹಾಗಾದರೆ ಬಡತನ ಇಲ್ಲದಾಗ ಕುಡುಗೋಲು ಯಾರ ಕೈಯಲ್ಲಿತ್ತು? ಸಮಾನತೆ ಸಾರುವ ಪುಸ್ತಕದಲ್ಲೇ ಈ ಬಿರುಕು ಇದೆ.

ಬಿರುಕು ದೊಡ್ಡದಾಗುತ್ತಾ ಹೋಯಿತು. 910ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಕ್ಲೂನಿ ಮಠದಲ್ಲಿ ಪ್ರಾರ್ಥನೆ ಬೆಳೆದು ಬೆಳೆದು ಹಗಲನ್ನೇ ನುಂಗಿತು. ಹೊಲದ ಕೆಲಸ ಊಳಿಗದ ರೈತರ ಮೇಲೆ ಬಿತ್ತು. 1098ರಲ್ಲಿ ಸಿತೋದಲ್ಲಿ ಮಠ ಕಟ್ಟಿದ ಸಿಸ್ಟರ್ಸಿಯನ್ನರು ದುಡಿಮೆಗೆ ಮರಳುತ್ತೇವೆ ಅಂದರು. ಆದರೆ ಹಗಲು ಏಳು, ರಾತ್ರಿ ಒಂದು ಪ್ರಾರ್ಥನೆ ಇಟ್ಟುಕೊಂಡು ದೂರದ ಹೊಲ ಉಳೋದು ಹೇಗೆ? ಅದಕ್ಕೆ ‘ಕಾನ್ವರ್ಸಿ’ಗಳನ್ನು, ಅಂದರೆ ಗಡ್ಡ ಬಿಟ್ಟ ಸೋದರರನ್ನು, ತಂದರು. ಅವರೂ ವ್ರತ ತೊಟ್ಟವರೇ. ಆದರೆ ಊಟದ ಮನೆ ಬೇರೆ, ಮಲಗುವ ಮನೆ ಬೇರೆ, ಚರ್ಚಿನಲ್ಲಿ ಕೂರುವ ಜಾಗ ಬೇರೆ. ಮಠಾಧಿಪತಿಯನ್ನು ಆರಿಸುವಾಗ ಮತ ಇಲ್ಲ. ಪುಸ್ತಕ ಇಟ್ಟುಕೊಳ್ಳುವಂತಿಲ್ಲ, ನಾಲ್ಕಾರು ಪ್ರಾರ್ಥನೆ ಬಾಯಿಪಾಠ ಮಾಡಿದರೆ ಸಾಕು. 1188ರಲ್ಲಿ ಸಂಘದ ಮಹಾಸಭೆ, ಕುಲೀನರು ಸೇರಿದರೆ ಸನ್ಯಾಸಿಗಳೇ ಆಗಬೇಕು, ಸೋದರರಾಗಬಾರದು ಅಂತ ತೀರ್ಮಾನಿಸಿತು. 1167ರಲ್ಲಿ ಏಲ್ರೆಡ್ ತೀರಿಕೊಂಡಾಗ ಇಂಗ್ಲೆಂಡಿನ ರಿವೋ ಮಠದಲ್ಲಿ ಸನ್ಯಾಸಿಗಳು 140, ಸೋದರರೂ ಆಳುಗಳೂ ಸೇರಿ 500 ಎಂದು ಅವನ ಶಿಷ್ಯ ವಾಲ್ಟರ್ ಡೇನಿಯಲ್ ಬರೆದಿದ್ದಾನೆ.

ಇದು ಜಾತಿ ಅಲ್ಲ, ಒಪ್ಪುತ್ತೇವೆ. ಯಾರೂ ಸೋದರನಾಗಿ ತಾಯಿಯ ಹೊಟ್ಟೆಯಿಂದ ಬರಲಿಲ್ಲ. ಆದರೆ ಅಕ್ಷರಕ್ಕೆ ಬೇಲಿ ಹಾಕಿದರೆ ಏನಾಗುತ್ತದೆ ಅನ್ನೋದು ನಮಗೆ ಗೊತ್ತು.

ಏಬರ್‌ಬಾಖಿನ ಕಾನ್ರಾಡ್ ಎಂಬ ಸನ್ಯಾಸಿ ಈ ಸಂಘದ ಕಥೆ ಬರೆದಿದ್ದಾನೆ. ಅದರಲ್ಲಿ ಜರ್ಮನಿಯ ಶ್ಯೋನೌ ಮಠದ ಒಂದು ಪ್ರಸಂಗ ಬರುತ್ತದೆ. ವಾಡಿಕೆಯಂತೆ ಸೋದರರಿಗೆ ಸಿಗುತ್ತಿದ್ದ ಹೊಸ ಬೂಟು ಇನ್ನು ಕೊಡೋದಿಲ್ಲ ಅಂದ ಮಠಾಧಿಪತಿ. ಅವರು ಒಳಗೊಳಗೇ ಸೇರಿ, ಸನ್ಯಾಸಿಗಳ ಬೂಟುಗಳನ್ನೇ ಕತ್ತರಿಸಿ ಹಾಕೋಣ ಅಂತ ಹೊರಟರು. ಅಷ್ಟರಲ್ಲಿ ಮುಂದಾಳು ಇದ್ದಕ್ಕಿದ್ದಂತೆ ಸತ್ತ, ಬಂಡಾಯ ಬಿದ್ದುಹೋಯಿತು. ಕಾನ್ರಾಡನ ಕಣ್ಣಿಗೆ ಇದು ದೇವರು ಕೊಟ್ಟ ಶಿಕ್ಷೆ. ಅವನ ಕಥೆ ಅಲ್ಲಿಗೆ ಮುಗಿಯಿತು.

ನಮಗೆ ಮುಗಿಯೋದಿಲ್ಲ. ಕೆಸರಲ್ಲಿ ನೇಗಿಲು ಹಿಡಿದವನಿಗೆ ಬೂಟು ಬೇಡವೇ? ಈ ಮಾತನ್ನು ಕಾನ್ರಾಡ್ ಬರೆಯಲಿಲ್ಲ. ಬರೆಯಬೇಕಾದವನ ಕೈಗೆ ಪುಸ್ತಕ ಸಿಗಲಿಲ್ಲ. ಹೀಗಾಗಿ ಎಂಟು ಶತಮಾನ ಕಳೆದರೂ ಅವನ ಸಿಟ್ಟು ನಮಗೆ ಕೇಳಿಸೋದು ಎದುರಾಳಿಯ ಬಾಯಿಂದಲೇ.

ಮೇಷ್ಟ್ರೇ, ಗೆಳೆಯರೇ, ಮುಂದಿನ ಸಲ ಆ ದೀಪದ ಪಾಠ ಮಾಡುವಾಗ ಈ ಬೂಟಿನ ಪ್ರಸಂಗವನ್ನೂ ಹೇಳಿ. ಹೇಳಿ, ಸೋದರರ ಕಡೆಯಿಂದ ಇದನ್ನು ಬರೀರಿ ಅಂತ ಮಕ್ಕಳಿಗೆ ಕೊಡಿ. ನಮ್ಮ ಮನೆಗಳಲ್ಲಿ ಮೊದಲು ಪೆನ್ನು ಹಿಡಿದವರು ನಾವು. ಅದನ್ನು ಬರಿಗಾಲಲ್ಲಿ ಗದ್ದೆಗೆ ಇಳಿದವರ ಮಾತಿಗೆ ಬಳಸದೆ ಹೋದರೆ, ನಾವೂ ಇನ್ನೊಬ್ಬ ಕಾನ್ರಾಡ್ ಆಗುತ್ತೇವೆ ಅಷ್ಟೇ.