ಜಿಹ್ವೆ, ನರ, ಅರ್ಪಣ: ಕಲ್ಯಾಣದ ವಾಙ್ಮಯದಲ್ಲಿ ರುಚಿವಿಚಾರ

ಷಟ್‌ಸ್ಥಲದ ವಿವರಣೆಯಲ್ಲಿ ಘ್ರಾಣಕ್ಕೆ ಆಚಾರಲಿಂಗವೂ ಜಿಹ್ವೆಗೆ ಗುರುಲಿಂಗವೂ ನೇತ್ರಕ್ಕೆ ಶಿವಲಿಂಗವೂ ತ್ವಕ್ಕಿಗೆ ಜಂಗಮಲಿಂಗವೂ ಶ್ರೋತ್ರಕ್ಕೆ ಪ್ರಸಾದಲಿಂಗವೂ ಹೃದಯಕ್ಕೆ ಮಹಾಲಿಂಗವೂ ಹೇಳಲ್ಪಟ್ಟಿರುವುದು ವಾಚಕರಿಗೆ ವಿದಿತವೇ ಆಗಿದೆ. ಈ ಕ್ರಮವನ್ನು ಬೋಧಿಸುವಾಗ, ಇಂದಿನ ನರವಿಜ್ಞಾನವು ಯಂತ್ರಗಳಿಂದ ಅಳೆದು ಕಂಡುದನ್ನೇ ಕಲ್ಯಾಣದ ಶರಣರು ಹನ್ನೆರಡನೆಯ ಶತಮಾನದಲ್ಲಿ ಅರಿತಿದ್ದರೆಂದು ಹೇಳುವ ವಾಡಿಕೆಯೊಂದುಂಟು. ಈ ಮಾತು ವಚನಗಳಿಗೆ ಗೌರವವನ್ನು ತರುವಂತೆ ತೋರಿದರೂ ಅವುಗಳ ನಿಜವಾದ ಅರ್ಥಕ್ಕೆ ಹಾನಿಯನ್ನುಂಟುಮಾಡತಕ್ಕದ್ದೆಂದು ನಮ್ಮ ಅಭಿಪ್ರಾಯ. ವಿಜ್ಞಾನಿಗಳು ಅಳೆದುದೇನು, ಶರಣರು ನುಡಿದುದೇನು ಎಂಬುದನ್ನು ಮೊದಲು ಬೇರೆಬೇರೆಯಾಗಿ ನೋಡಿ, ಆಮೇಲೆ ಎರಡನ್ನೂ ಎದುರುಬದುರಾಗಿ ಇಡಬೇಕು.

ಅಳತೆಯ ಇತಿಹಾಸ ದೀರ್ಘವಾದುದಲ್ಲ. 1926ರಲ್ಲಿ ಇಂಗ್ಲೆಂಡಿನ ಏಡ್ರಿಯನ್ ಮತ್ತು ಸ್ವೀಡನ್ನಿನ ಜೊಟ್ಟರ್‌ಮನ್ ಎಂಬಿಬ್ಬರು ಒಂದೇ ಒಂದು ನರತಂತುವಿನಲ್ಲಿ ಹರಿಯುವ ವಿದ್ಯುತ್‌ಸ್ಪಂದಗಳನ್ನು ದಾಖಲುಮಾಡಿದರು. ಪ್ರಚೋದನೆ ಬಲವಾದಷ್ಟೂ ಸ್ಪಂದಗಳು ಹೆಚ್ಚು ಒತ್ತೊತ್ತಾಗಿ ಬರುತ್ತವೆಯೇ ಹೊರತು ಒಂದೊಂದರ ಗಾತ್ರ ಹೆಚ್ಚುವುದಿಲ್ಲವೆಂಬುದು ಇದರಿಂದ ಸಿದ್ಧವಾಯಿತು. ಪ್ರಚೋದನೆ ಹಾಗೆಯೇ ಮುಂದುವರಿದರೆ ಸ್ಪಂದಗಳು ವಿರಳವಾಗುತ್ತ ಬರುವುದೂ ಕಂಡುಬಂದಿತು. ಪಾಫ್‌ಮನ್ ಎಂಬ ವಿದ್ವಾಂಸನು 1939ರಲ್ಲಿ ಬೆಕ್ಕಿನ ಹಲ್ಲುಗಳ ನರಗಳನ್ನು ಪರೀಕ್ಷಿಸಿ, ಹಲ್ಲನ್ನು ಒತ್ತಿದಾಗಲೂ ನೋಯಿಸಿದಾಗಲೂ ಹುಟ್ಟುವ ಸ್ಪಂದಗಳನ್ನು ಅಳೆದನು. 1941ರಲ್ಲಿ ಆತನೇ ಅದೇ ಪ್ರಾಣಿಯ ನಾಲಗೆಯಿಂದ ಬರುವ ರುಚಿನರವನ್ನು ಪರೀಕ್ಷಿಸಿದನು. ನಾಲಗೆಯ ಮುಂಭಾಗದ ರುಚಿಯನ್ನು ಒಯ್ಯುವ ಕಾರ್ಡ ಟಿಂಪನಿ ಎಂಬ ಈ ನರವು ಕಿವಿಯ ಮಧ್ಯಭಾಗದ ಮೂಲಕ ಹಾದುಹೋಗುತ್ತದೆ. ಆದುದರಿಂದಲೇ ಸ್ವೀಡನ್ನಿನಲ್ಲಿ ಜೊಟ್ಟರ್‌ಮನ್ ಮತ್ತು ಸಂಗಡಿಗರು ಕಿವಿಯ ಶಸ್ತ್ರಕ್ರಿಯೆಯ ಸಂದರ್ಭದಲ್ಲಿ ಮನುಷ್ಯರ ರುಚಿನರವನ್ನೇ ಅಳೆಯಲು ಸಾಧ್ಯವಾಯಿತು. ದ್ರಾವಣದ ಹುಳಿ ಅಥವಾ ಸಿಹಿ ಎಷ್ಟು ತೀವ್ರವೆಂದು ರೋಗಿಯು ಹೇಳಿದನೋ ಅದಕ್ಕೆ ಸಮಾನಾಂತರವಾಗಿಯೇ ನರದ ಉತ್ತರವೂ ಏರಿತೆಂದು 1967ರಲ್ಲಿ ಪ್ರಕಟವಾದ ಅವರ ಲೇಖನವು ತಿಳಿಸುತ್ತದೆ.

ಈ ಅಳತೆಗಳ ಬೆಳಕಿನಲ್ಲಿ ನೋಡಿದರೆ ಷಡ್ವಿಧಲಿಂಗಗಳ ಕ್ರಮವು ಶರೀರಶಾಸ್ತ್ರವಲ್ಲವೆಂಬುದು ಮೊದಲು ಸ್ಪಷ್ಟವಾಗುತ್ತದೆ. ಬಾಯಿಗೆ ಬಂದ ತುತ್ತು ಒಂದೇ ದಾರಿಯಿಂದ ಮಿದುಳನ್ನು ಸೇರುವುದಿಲ್ಲ. ನಾಲಗೆಯ ಮುಂಭಾಗದ ರುಚಿಗೆ ಒಂದು ನರ, ಹಿಂಭಾಗದ ರುಚಿಗೆ ಇನ್ನೊಂದು. ತುತ್ತಿನ ಬಿಸಿ, ತಂಪು, ಗಟ್ಟಿತನ ಮತ್ತು ಹಲ್ಲಿನ ಮೇಲಣ ಒತ್ತಡಗಳಿಗೆ ಮುಖ್ಯವಾಗಿ ಟ್ರೈಜೆಮಿನಲ್ ಎಂಬ ಮತ್ತೊಂದು. ಜಿಹ್ವೆಗೆ ರುಚಿ, ತ್ವಕ್ಕಿಗೆ ಸ್ಪರ್ಶ ಎಂಬ ವಿಭಾಗವು ಬಾಯಿಯೊಳಗೆ ನಿಲ್ಲುವುದಿಲ್ಲ. ಒಂದೊಂದು ಲಿಂಗದಲ್ಲಿಯೂ ಆರಾರು ಲಿಂಗಗಳನ್ನು ಕಂಡು 36 ಎಂದೂ, ಮತ್ತೆ ಗುಣಿಸಿ 216 ಎಂದೂ ವಿಸ್ತರಿಸುವ ಮಿಶ್ರಾರ್ಪಣದ ಕ್ರಮವೇ ಇದಕ್ಕೆ ಸಮಾಧಾನವೆಂದು ಕೆಲವರು ಹೇಳಬಹುದು. ಆದರೆ ಈ ಸಂಖ್ಯೆಗಳು ಗುಣಾಕಾರದಿಂದ ಬಂದವು. ನಾಲಗೆಯ ಪರೀಕ್ಷೆಯಿಂದ ಬಂದವಲ್ಲ. ಇಂದ್ರಿಯವ್ಯಾಪಾರದ ಯಾವ ಅಂಶವೂ ಅರ್ಪಣದ ಹೊರಗೆ ಉಳಿಯಬಾರದೆಂಬ ಸಾಧಕನ ನಿಷ್ಠೆಯೇ ಅವುಗಳ ಮೂಲ.

ಎರಡನೆಯದು ಶಬ್ದಾರ್ಥದ ಪ್ರಶ್ನೆ. ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯಗಳೆಂಬ ಷಡ್ರಸಗಳಲ್ಲಿ ಕಟು, ಅಂದರೆ ಖಾರ, ರುಚಿನರದ ವಿಷಯವಲ್ಲ. ಅದು ಬಿಸಿ ಮತ್ತು ಉರಿಯನ್ನು ತಿಳಿಸುವ ನರತಂತುಗಳನ್ನು ಕೆಣಕುವ ವೇದನೆ. ಮೆಣಸಿನಕಾಯಿಯ ಖಾರಕ್ಕೂ ಸುಡುವ ಬಿಸಿಗೂ ನರದಲ್ಲಿ ಒಂದೇ ದ್ವಾರವೆಂಬುದು 1997ರಲ್ಲಿ ತಿಳಿದುಬಂದಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮೆಣಸಿನಕಾಯಿ ಇರಲಿಲ್ಲ. ಅದು ಪೋರ್ಚುಗೀಸರು ಬಂದ ಮೇಲೆ ಈ ದೇಶಕ್ಕೆ ಬಂದುದು. ಆ ಕಾಲದ ಕಟುವೆಂದರೆ ಮೆಣಸು, ಶುಂಠಿ, ಹಿಪ್ಪಲಿಗಳದು. ಮೆಣಸೂ ಅದೇ ದ್ವಾರವನ್ನು ತಟ್ಟುವುದರಿಂದ ವೇದನೆಯ ಜಾತಿ ಒಂದೇ. ಪದಾರ್ಥವು ಮಾತ್ರ ಬೇರೆ.

ಇಲ್ಲಿ ಕಲ್ಯಾಣದ ನೆರೆಯ ಹುಮನಾಬಾದಿನ ಭಾಷಾಸ್ಥಿತಿಯನ್ನು ಗಮನಿಸುವುದು ಉಪಯುಕ್ತ. ಕನ್ನಡ, ಮರಾಠಿ, ಉರ್ದುಗಳು ಒಂದೇ ಪೇಟೆಯಲ್ಲಿ ಕೇಳಿಬರುವ ಊರು ಅದು. ಅದರ ಮಗ್ಗುಲಿನ ಮಾಣಿಕನಗರದ ಮಾಣಿಕಪ್ರಭುಗಳು (1817–1865) ಕನ್ನಡ ಮರಾಠಿಗಳೆರಡರಲ್ಲಿಯೂ ಪದಗಳನ್ನು ರಚಿಸಿದವರು. ಸಂಸ್ಕೃತದ ಕಟು ಶಬ್ದವೇ ಮರಾಠಿಯಲ್ಲಿ ‘ಕಡೂ’ ಎಂದೂ ಉರ್ದುವಿನಲ್ಲಿ ‘ಕಡ್ವಾ’ ಎಂದೂ ಆಗಿ ಕಹಿಯನ್ನು ಸೂಚಿಸುತ್ತದೆ. ಕ್ಷಾರಶಬ್ದದಿಂದ ಬಂದ ‘ಖಾರ’ವು ಕನ್ನಡಿಗನ ಬಾಯಲ್ಲಿ ಮೆಣಸಿನ ಉರಿ, ಅದೇ ಮೂಲದ ‘ಖಾರಟ’ವು ಮರಾಠಿಗನಿಗೆ ಉಪ್ಪು. ಹೀಗೆ ಒಂದೇ ಮೂಲದ ಶಬ್ದವು ಭಾಷೆಯ ಗಡಿಯನ್ನು ದಾಟುವಾಗ ಒಂದು ನರವನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. ಗಡಿನಾಡಿನ ಪದಗಳಿಗೂ ವಚನಗಳಿಗೂ ಟೀಕೆ ಬರೆಯುವವರು ರುಚಿವಾಚಕಗಳನ್ನು ಸಂಸ್ಕೃತದ ಪಟ್ಟಿಗೆ ಕಣ್ಣುಮುಚ್ಚಿ ಹೊಂದಿಸಿದರೆ ಅರ್ಥವು ಕೆಡುವುದು ಸಹಜ. ನರವಿಜ್ಞಾನದಿಂದ ಸಾಹಿತ್ಯಾಭ್ಯಾಸಿಗೆ ದೊರೆಯುವ ನಿಜವಾದ ಪ್ರಯೋಜನವೆಂದರೆ ಈ ಎಚ್ಚರ.

ಇನ್ನು ಮೂರನೆಯದೂ ಮುಖ್ಯವಾದುದೂ ಆದ ವಿಷಯ. ಕಲ್ಯಾಣದ ಅರಸನಾದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು 1129ರ ಸುಮಾರಿನದು. ಅದರ ಮೂರನೆಯ ವಿಂಶತಿಯಲ್ಲಿ ಅರಸನ ಉಪಭೋಗಗಳನ್ನು ಹೇಳುವಾಗ ಅನ್ನಭೋಗ, ಪಾನೀಯಭೋಗ, ತಾಂಬೂಲಭೋಗಗಳಿಗೆ ಬೇರೆಬೇರೆ ಅಧ್ಯಾಯಗಳುಂಟು. ಉದ್ದಿನ ಹಿಟ್ಟಿನ ‘ಇಡ್ಡರಿಕಾ’ ಮೊದಲುಗೊಂಡು ಮಾಂಸದ ಅಡಿಗೆಗಳವರೆಗೆ ಪಾಕಕ್ರಮವು ಅಲ್ಲಿ ವಿಸ್ತಾರವಾಗಿದೆ. ಅದಾಗಿ ಸುಮಾರು ಮೂವತ್ತು ವರ್ಷಗಳೊಳಗೆ, ಬಿಜ್ಜಳನ ಕಾಲದಲ್ಲಿ, ಅದೇ ಪಟ್ಟಣದಲ್ಲಿ ಶರಣರು ಪ್ರಸಾದದ ಮಾತನ್ನು ಆಡಿದರು. ಅರಸನ ನಾಲಗೆಗೂ ಶರಣನ ನಾಲಗೆಗೂ ನರವು ಒಂದೇ. ಮೆಣಸು, ಇಂಗು, ಉಪ್ಪುಗಳಿಗೆ ಅವು ಕೊಡುವ ಉತ್ತರವೂ ಒಂದೇ. ಅರಸನ ಗ್ರಂಥದಲ್ಲಿ ರುಚಿಯು ಭೋಕ್ತೃವಿನಲ್ಲಿ ಬಂದು ಮುಗಿಯುತ್ತದೆ. ಶರಣನಲ್ಲಿ ಅದು ಮೊದಲು ಲಿಂಗಕ್ಕೆ ಸಂದು ಆಮೇಲೆ ಪ್ರಸಾದವಾಗಿ ಹಿಂದಿರುಗುತ್ತದೆ. ಈ ವ್ಯತ್ಯಾಸವನ್ನು ಯಾವ ಯಂತ್ರದ ಮುಳ್ಳೂ ತೋರಿಸಲಾರದು. 1967ರ ಪ್ರಯೋಗವು ಅಳೆದುದು ರುಚಿಯ ತೀವ್ರತೆಯನ್ನು. ರುಚಿ ಯಾರಿಗೆ ಸಂದಿತೆಂಬುದನ್ನಲ್ಲ. ಶರಣರು ಐದು ಇಂದ್ರಿಯಗಳ ಮೇಲೆ ಹೃದಯವನ್ನು ಆರನೆಯದಾಗಿ ಎಣಿಸಿ ಅದರ ಪದಾರ್ಥವು ತೃಪ್ತಿ ಎಂದರು. ಪ್ರಚೋದನೆ ಮುಂದುವರಿದಂತೆ ನರದ ಉತ್ತರವು ಕ್ಷೀಣಿಸುವುದನ್ನು ತೃಪ್ತಿಯೆನ್ನಲಾಗದು. ಅದು ಪ್ರಚೋದನೆಗೆ ನರದ ಬರಿಯ ಹೊಂದಿಕೆ. ವಚನಗಳ ಸ್ವಂತ ದರ್ಶನವು ಈ ಆರನೆಯ ಸ್ಥಾನದಲ್ಲಿದೆ. ಉಳಿದ ಐದನ್ನು ವಿಜ್ಞಾನಕ್ಕೆ ಸರಿಹೊಂದಿಸುವ ಆತುರದಲ್ಲಿ ವ್ಯಾಖ್ಯಾನಕಾರರು ಮೊದಲು ಮರೆಯುವುದು ಇದನ್ನೇ.

ಒಂದು ಉದಾಹರಣೆಯಿಂದ ಇದು ವಿಶದವಾದೀತು. ಕಬ್ಬನ್ನು ಕಡಿದು, ಅರೆದು, ಕುದಿಸಿದರೂ ಅದು ಸಿಹಿಯನ್ನು ಬಿಡದೆಂಬ ಅಭಿಪ್ರಾಯದ ಅಕ್ಕಮಹಾದೇವಿಯ ವಚನವು ಪ್ರಸಿದ್ಧವಾದುದು. ಪಾಫ್‌ಮನ್ನನ ಬೆಕ್ಕಿನ ನಾಲಗೆ ಹುಳಿ, ಉಪ್ಪು, ಕಹಿಗಳಿಗೆ ಉತ್ತರ ಕೊಟ್ಟಿತಾದರೂ ಸಕ್ಕರೆಗೆ ಹೆಚ್ಚುಕಡಮೆ ಮೌನವಾಗಿತ್ತು. ಸಿಹಿಯನ್ನರಿಯುವ ಗ್ರಾಹಕದ ಒಂದು ಭಾಗವನ್ನು ರಚಿಸುವ ಜೀನು ಬೆಕ್ಕಿನ ಜಾತಿಯಲ್ಲಿ ಕೆಟ್ಟುಹೋಗಿರುವುದೇ ಇದಕ್ಕೆ ಕಾರಣವೆಂದು 2005ರಲ್ಲಿ ಗೊತ್ತಾಯಿತು. ಬೆಕ್ಕಿನ ಪಾಲಿಗೆ ಕಬ್ಬಿನಲ್ಲಿ ಸಿಹಿಯೇ ಇಲ್ಲ. ಸಿಹಿಯು ಕಬ್ಬಿನ ಸೊತ್ತಲ್ಲ, ಕಬ್ಬೂ ನಾಲಗೆಯೂ ಕೂಡಿದಲ್ಲಿ ಹುಟ್ಟುವುದೆಂದು ವಿಜ್ಞಾನದ ಮಾತು. ಹಾಗಾದರೆ ಅಕ್ಕನ ಮಾತು ಸುಳ್ಳಾಯಿತೆ? ಇಲ್ಲ. ಅಲ್ಲಿ ಕಬ್ಬು ರಸಾಯನದ ವಸ್ತುವಲ್ಲ, ನೊಂದ ಜೀವದ ಉಪಮಾನ. ಸವಿಯುವವರು ಇರಲಿ ಇಲ್ಲದಿರಲಿ, ಗಾಣಕ್ಕೆ ಸಿಕ್ಕಿದ ಮೇಲೂ ತನ್ನ ಗುಣವನ್ನು ಬಿಡದಿರುವುದೇ ಅಲ್ಲಿಯ ತಾತ್ಪರ್ಯ. ವಚನವನ್ನು ವಿಜ್ಞಾನದ ಸಾಕ್ಷಿಯಾಗಿ ಕರೆತಂದವರು ಬೆಕ್ಕಿನ ಪ್ರಯೋಗದೆದುರು ಸೋಲಬೇಕಾಗುವುದು. ಕಾವ್ಯವಾಗಿ ಓದಿದವರಿಗೆ ಆ ಭಯವಿಲ್ಲ.

ಆದುದರಿಂದ ಅಧ್ಯಾಪಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ರುಚಿವಾಚಕ ಶಬ್ದಗಳ ಅರ್ಥನಿರ್ಣಯದಲ್ಲಿ ನರಗಳ ಅಳತೆಯ ನೆರವನ್ನು ಸಂಕೋಚವಿಲ್ಲದೆ ಪಡೆಯಬೇಕು. ವಚನಗಳ ಮೌಲ್ಯನಿರ್ಣಯವನ್ನು ಅದಕ್ಕೆ ಒಪ್ಪಿಸಬಾರದು. ತುತ್ತು ಯಾವ ದಾರಿಯಿಂದ ಬಂದಿತೆಂಬುದನ್ನು ಪ್ರಯೋಗಶಾಲೆಯು ಹೇಳಲಿ. ಬಂದುದನ್ನು ಯಾರಿಗೆ ಸಲ್ಲಿಸಬೇಕೆಂಬ ಪ್ರಶ್ನೆಯನ್ನು ವಚನಗಳ ಬಾಯಿಂದಲೇ ಕೇಳಬೇಕು.