ಕೇಳಿದ ಕಥೆಯನ್ನೇ ಮತ್ತೆ ಕೇಳುವವರು: ಪಾನಮುಕ್ತಿಯ ಆತ್ಮಕಥನ, ವಿಮರ್ಶೆ ಮತ್ತು ಓದುಗ

ಅಮೆರಿಕದ ಲೇಖಕಿ ಲೆಸ್ಲಿ ಜೇಮಿಸನ್ ಅವರ 'ದಿ ರಿಕವರಿಂಗ್' ಎಂಬ ಕೃತಿ 2018ರಲ್ಲಿ ಪ್ರಕಟವಾಯಿತು. ಕುಡಿತದ ವ್ಯಸನಕ್ಕೆ ಒಳಗಾಗಿದ್ದ ಲೇಖಕರನ್ನು ಕುರಿತು ಯೇಲ್ ವಿಶ್ವವಿದ್ಯಾಲಯದಲ್ಲಿ ಅವರು ನಡೆಸಿದ ಡಾಕ್ಟರೇಟ್ ಸಂಶೋಧನೆಯೂ ಅವರು ಸ್ವತಃ ಕುಡಿತ ಬಿಟ್ಟ ಕಥೆಯೂ ಅದರಲ್ಲಿ ಹೆಣೆದುಕೊಂಡಿವೆ. ಕೃತಿಯಲ್ಲಿ ಬರುವ ಒಂದು ಪ್ರಸಂಗ ಇಲ್ಲಿನ ಚರ್ಚೆಗೆ ಮುಖ್ಯವಾದುದು. ಕುಡಿತ ಬಿಟ್ಟವರ ಸಭೆಯಲ್ಲಿ ಅವರು ತಮ್ಮ ಕಥೆಯನ್ನು ಹೇಳುತ್ತಿದ್ದಾಗ, ಆ ಗುಂಪಿನ ಹಿರಿಯನೊಬ್ಬ ಇದು ಬೇಸರ ತರಿಸುತ್ತಿದೆ ಎಂದು ನಡುವೆಯೇ ಕೂಗಿಬಿಡುತ್ತಾನೆ. ಹಲವು ವರ್ಷ ಬರವಣಿಗೆಯ ತರಬೇತಿ ಪಡೆದ ಲೇಖಕಿಗೆ ಇದಕ್ಕಿಂತ ಕಠೋರವಾದ ವಿಮರ್ಶೆ ಇನ್ನೊಂದಿರಲಾರದು. ಆದರೆ ಅವರು ಆ ಅವಮಾನವನ್ನು ಮರೆಮಾಚದೆ ತಮ್ಮ ಪುಸ್ತಕದೊಳಕ್ಕೇ ತಂದುಕೊಂಡರು. ಪಾನಮುಕ್ತಿಯ ಕಥೆ ಬೇಸರ ತರಿಸಿದರೆ ಅದು ದೋಷವೇ ಎಂಬ ಪ್ರಶ್ನೆಯನ್ನು ಕೃತಿಯ ಬೆನ್ನೆಲುಬಾಗಿಸಿಕೊಂಡರು.

ಈ ಲೇಖನವೂ ಅದೇ ಪ್ರಶ್ನೆಯಿಂದ ಹೊರಡುತ್ತದೆ. ಕುಡಿತ ಬಿಟ್ಟವರು ಬರೆದ ಆತ್ಮಕಥನಗಳನ್ನು ವಿಮರ್ಶಕರು ಒರಟಾಗಿ ತಳ್ಳಿಹಾಕಿದಾಗಲೆಲ್ಲ ಓದುಗರ ಒಂದು ವರ್ಗ ಆ ಲೇಖಕರ ಬೆನ್ನಿಗೆ ನಿಂತಿದೆ. ಈ ಬೆಂಬಲವನ್ನು ಭಾವುಕತೆಯೆಂದೋ ಅಭಿರುಚಿಯ ಕೊರತೆಯೆಂದೋ ಬದಿಗಿಡುವುದು ವಿದ್ವತ್ ವಲಯದ ರೂಢಿ. ನನ್ನ ವಾದ ಬೇರೆ. ಓದುಗರ ಪ್ರೋತ್ಸಾಹವೂ ಒಂದು ಬಗೆಯ ವಿಮರ್ಶೆಯೇ. ಅದಕ್ಕೆ ತನ್ನದೇ ಆದ ಅಳತೆಗೋಲಿದೆ. ಆದರೆ ಆ ಅಳತೆಗೋಲು ಸತ್ಯದ ನೆಲದ ಮೇಲೆ ನಿಂತಾಗ ಮಾತ್ರ ನೆಟ್ಟಗಿರುತ್ತದೆ.

ಮೊದಲ ಉದಾಹರಣೆ 1939ರದು. ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ 1935ರಲ್ಲಿ ಒಹಾಯೊ ರಾಜ್ಯದ ಆಕ್ರನ್ ನಗರದಲ್ಲಿ ಆರಂಭಿಸಿದ ಬಳಗವು ನಾಲ್ಕು ವರ್ಷಗಳ ಬಳಿಕ 'ಆಲ್ಕೊಹಾಲಿಕ್ಸ್ ಅನಾನಿಮಸ್' ಎಂಬ ಹೆಸರಿನ ಪುಸ್ತಕವನ್ನು ಹೊರತಂದಿತು. ಬಳಗಕ್ಕೆ ಆ ಹೆಸರು ನಿಂತದ್ದೂ ಈ ಪುಸ್ತಕದಿಂದಲೇ. ಅದರ ಮೊದಲ ಭಾಗದಲ್ಲಿ ಹನ್ನೆರಡು ಹೆಜ್ಜೆಗಳ ವಿವರಣೆಯಿದ್ದರೆ, ಉಳಿದ ಭಾಗದಲ್ಲಿ ಕುಡಿತ ಬಿಟ್ಟವರು ಹೇಳಿದ ಸ್ವಂತ ಕಥೆಗಳಿವೆ. ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕವು ಅದೇ ವರ್ಷದ ಅಕ್ಟೋಬರ್‌ನಲ್ಲಿ ಪುಸ್ತಕವನ್ನು ವಿಮರ್ಶಿಸಿ, ಇದು ಸಂಘಟನೆಯ ಪ್ರಚಾರ ಮತ್ತು ಧಾರ್ಮಿಕ ಬೋಧನೆಗಳ ವಿಚಿತ್ರ ಮಿಶ್ರಣವೆಂದೂ ಇದರಲ್ಲಿ ವೈಜ್ಞಾನಿಕವಾದ ಯಾವ ಹುರುಳೂ ಇಲ್ಲವೆಂದೂ ತೀರ್ಪಿತ್ತಿತು. ಮೊದಮೊದಲು ಮಾರಾಟವೂ ಮಂದವಾಗಿತ್ತು. ಆದರೆ 1941ರ ಮಾರ್ಚ್‌ನಲ್ಲಿ 'ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್' ವಾರಪತ್ರಿಕೆಯಲ್ಲಿ ಈ ಬಳಗವನ್ನು ಕುರಿತು ಜ್ಯಾಕ್ ಅಲೆಕ್ಸಾಂಡರ್ ಬರೆದ ಲೇಖನ ಪ್ರಕಟವಾದ ಮೇಲೆ ಸಹಾಯ ಕೋರುವ ಪತ್ರಗಳು ಸಾವಿರಗಟ್ಟಲೆ ಬಂದವು. ಸುಮಾರು 2 ಸಾವಿರವಿದ್ದ ಸದಸ್ಯರ ಸಂಖ್ಯೆ ಆ ವರ್ಷದ ಕೊನೆಯ ಹೊತ್ತಿಗೆ 8 ಸಾವಿರಕ್ಕೆ ಏರಿತು.

ವೈದ್ಯರ ಪತ್ರಿಕೆ ಕೇಳಿದ ಪ್ರಶ್ನೆ ಅದರ ಶಿಸ್ತಿಗೆ ಸಹಜವಾದುದೇ. ಪತ್ರ ಬರೆದವರ ಪ್ರಶ್ನೆ ಬೇರೆಯದು: ಇದರಲ್ಲಿ ನಾನಿದ್ದೇನೆಯೇ? ಇವನಿಗೆ ಸಾಧ್ಯವಾದದ್ದು ನನಗೂ ಸಾಧ್ಯವೇ? ಪಾನಮುಕ್ತಿಯ ಕಥನದ ರೂಪವನ್ನು ಕಟ್ಟಿದ್ದು ಈ ಎರಡನೆಯ ಪ್ರಶ್ನೆ. ಕುಡಿತ ಹೇಗಿತ್ತು, ಏನು ನಡೆಯಿತು, ಈಗ ಹೇಗಿದ್ದೇನೆ ಎಂಬ ಮೂರು ಭಾಗಗಳ ಚೌಕಟ್ಟು ಎಲ್ಲರ ಕಥೆಗೂ ಒಂದೇ. ಸಭೆಗೆ ಮೊದಲ ದಿನ ಬಂದು ಹಿಂದಿನ ಸಾಲಿನಲ್ಲಿ ಕುಳಿತವನಿಗೆ ಹೊಸ ಕಥೆ ಬೇಕಿಲ್ಲ. ತನ್ನ ಪಾಡು ಯಾರಿಗೂ ಬಾರದ ಪಾಡೆಂದು ನಂಬಿ ಕುಳಿತವನನ್ನು ಆ ನಂಬಿಕೆಯಿಂದ ಬಿಡಿಸುವುದು ಕೇಳಿದ ಕಥೆಯೇ. ಆಧುನಿಕ ಸಾಹಿತ್ಯ ವಿಮರ್ಶೆ ಅನನ್ಯತೆಯನ್ನು ಮೌಲ್ಯವೆಂದು ಎಣಿಸಿದರೆ, ಈ ಪ್ರಕಾರವು ಅನನ್ಯತೆಯನ್ನೇ ರೋಗದ ಲಕ್ಷಣವೆಂದು ಕಾಣುತ್ತದೆ. ಬೇಸರವೆಂಬ ಆಕ್ಷೇಪಣೆ ಹುಟ್ಟುವುದು ಈ ಎರಡು ದೃಷ್ಟಿಗಳ ಘರ್ಷಣೆಯಲ್ಲಿ.

ಹಾಗಾದರೆ ಓದುಗರ ಬೆಂಬಲವೇ ಅಂತಿಮ ಪ್ರಮಾಣವೇ? ಇದಕ್ಕೆ ಉತ್ತರವಾಗಿ ಎರಡನೆಯ ಪ್ರಕರಣವನ್ನು ನೋಡಬೇಕು. ಜೇಮ್ಸ್ ಫ್ರೇ ಅವರ 'ಎ ಮಿಲಿಯನ್ ಲಿಟಲ್ ಪೀಸಸ್' 2003ರಲ್ಲಿ ಆತ್ಮಕಥನವೆಂಬ ಹಣೆಪಟ್ಟಿಯೊಂದಿಗೆ ಬಂದಿತು. ಅದನ್ನು ಮೊದಲು ಕಾದಂಬರಿಯೆಂದು ಪ್ರಕಾಶಕರಿಗೆ ತೋರಿಸಲಾಗಿತ್ತೆಂದು ಲೇಖಕರೇ ಮುಂದೆ ಹೇಳಿದರು. 2005ರಲ್ಲಿ ಓಪ್ರಾ ವಿನ್‌ಫ್ರೇ ತಮ್ಮ ಪುಸ್ತಕ ಬಳಗಕ್ಕೆ ಅದನ್ನು ಆರಿಸಿಕೊಂಡರು. 35 ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು. 2006ರ ಜನವರಿಯಲ್ಲಿ 'ದಿ ಸ್ಮೋಕಿಂಗ್ ಗನ್' ಎಂಬ ತನಿಖಾ ಜಾಲತಾಣವು ಪೊಲೀಸ್ ದಾಖಲೆಗಳನ್ನು ಮುಂದಿಟ್ಟು ಕೃತಿಯ ಹಲವು ಸಂಗತಿಗಳು ಕಟ್ಟುಕಥೆಯೆಂದು ತೋರಿಸಿತು. ಸುಮಾರು ಮೂರು ತಿಂಗಳ ಸೆರೆವಾಸವೆಂದು ಚಿತ್ರಿತವಾದದ್ದು ವಾಸ್ತವದಲ್ಲಿ ಕೆಲವೇ ಗಂಟೆಗಳದಾಗಿತ್ತು.

ಮೂರು ದಿನಗಳ ಬಳಿಕ ಲೇಖಕರು ದೂರದರ್ಶನದ ಸಂದರ್ಶನವೊಂದರಲ್ಲಿದ್ದಾಗ ವಿನ್‌ಫ್ರೇ ದೂರವಾಣಿಯ ಮೂಲಕ ಮಾತನಾಡಿ, ಪುಸ್ತಕದ ಒಳಗಿರುವ ವಿಮೋಚನೆಯ ಸಂದೇಶ ತಮ್ಮನ್ನು ಈಗಲೂ ತಟ್ಟುತ್ತದೆ ಎಂದು ಬೆಂಬಲ ಸೂಚಿಸಿದರು. ಅನೇಕ ಓದುಗರ ಭಾವನೆಯೂ ಅದೇ ಆಗಿತ್ತು. ಆದರೆ ಜನವರಿ 26ರಂದು ಅವರೇ ಲೇಖಕರನ್ನು ತಮ್ಮ ಕಾರ್ಯಕ್ರಮಕ್ಕೆ ಕರೆಸಿ, ಸತ್ಯಕ್ಕೆ ಬೆಲೆಯಿಲ್ಲವೆಂಬ ಅಭಿಪ್ರಾಯ ಮೂಡಿಸಿದ್ದಕ್ಕಾಗಿ ವೀಕ್ಷಕರ ಕ್ಷಮೆ ಕೇಳಿದರು. ನ್ಯಾಯಾಲಯದ ಒಪ್ಪಂದದ ಪ್ರಕಾರ ಓದುಗರು ಪುಸ್ತಕದ ಹಣವನ್ನು ಮರಳಿ ಪಡೆಯುವ ಅವಕಾಶ ದೊರೆಯಿತು. ಗಟ್ಟಿರಟ್ಟಿನ ಪ್ರತಿಯಾದರೆ 163ನೆಯ ಪುಟವನ್ನು ಹರಿದು ಕಳುಹಿಸಬೇಕಿತ್ತು. ಸತ್ಯ ತಿಳಿದಿದ್ದರೆ ಪುಸ್ತಕವನ್ನು ಕೊಳ್ಳುತ್ತಿರಲಿಲ್ಲವೆಂದು ಪ್ರಮಾಣೀಕರಿಸಬೇಕಿತ್ತು. ಹಾಗೆ ಮಾಡಿದವರು 1,729 ಮಂದಿ. ಹಣ ಕೇಳದವರೆಲ್ಲ ಲೇಖಕರನ್ನು ಕ್ಷಮಿಸಿದರೆಂದು ಇದರಿಂದ ತೀರ್ಮಾನಿಸಲಾಗದು. ಹಲವರಿಗೆ ಅದು ಬೇಡದ ತಾಪತ್ರಯವಾಗಿರಬಹುದು. ಆದರೂ, ತಮ್ಮ ಪ್ರತಿಯಿಂದ ಒಂದು ಪುಟವನ್ನು ಹರಿಯಲು ಮನಸ್ಸು ಬಾರದವರೂ ಅವರಲ್ಲಿದ್ದಿರಬೇಕೆಂದು ಊಹಿಸಬಹುದು.

ಈ ಪ್ರಕರಣವನ್ನು ಸಾಮಾನ್ಯವಾಗಿ ಸತ್ಯ ಮತ್ತು ಕಲ್ಪನೆಗಳ ಗಡಿಯ ಪ್ರಶ್ನೆಯಾಗಿ ಚರ್ಚಿಸುತ್ತಾರೆ. ವ್ಯಸನಿಯ ದೃಷ್ಟಿಯಿಂದ ನೋಡಿದರೆ ಅಪಾಯ ಬೇರೆಡೆ ಇದೆ. ಕಥಾನಾಯಕನು ಹನ್ನೆರಡು ಹೆಜ್ಜೆಗಳ ಮಾರ್ಗವನ್ನು ತಿರಸ್ಕರಿಸಿ ಬರಿಯ ಸಂಕಲ್ಪಬಲದಿಂದ ಗೆಲ್ಲುತ್ತಾನೆ. ಅರಿವಳಿಕೆಯಿಲ್ಲದೆ ಹಲ್ಲಿನ ಬೇರಿನ ಚಿಕಿತ್ಸೆಯನ್ನೂ ಸಹಿಸುತ್ತಾನೆ. ಆ ಮಾರ್ಗವನ್ನು ಒಲ್ಲದಿರುವುದು ಯಾರದೇ ಹಕ್ಕು. ಆದರೆ ಉತ್ಪ್ರೇಕ್ಷಿತ ಪಾತಾಳದಿಂದ ಒಂಟಿಯಾಗಿ ಮೇಲೆದ್ದು ಬಂದ ವೀರನ ಕಥೆಯನ್ನು ನಿಜವೆಂದು ನಂಬಿದ ಓದುಗನೊಬ್ಬ, ನೆರವು ಕೇಳುವುದು ದೌರ್ಬಲ್ಯವೆಂದು ಭಾವಿಸಿ ಹಿಂಜರಿದರೆ ಆ ನಷ್ಟಕ್ಕೆ ಪರಿಹಾರವಿಲ್ಲ. ತೀವ್ರ ವ್ಯಸನಿಯು ವೈದ್ಯರ ನೆರವಿಲ್ಲದೆ ಥಟ್ಟನೆ ಕುಡಿತ ನಿಲ್ಲಿಸಿದರೆ ಸೆಳವು, ಸನ್ನಿಗಳು ಬಂದು ಪ್ರಾಣಕ್ಕೇ ಸಂಚಕಾರವಾಗಬಹುದು. ಆತ್ಮಕಥನದಲ್ಲಿನ ಸುಳ್ಳು ಇಲ್ಲಿ ತಪ್ಪು ಔಷಧಿಯ ಚೀಟಿಯಂತೆ ಕೆಲಸ ಮಾಡುತ್ತದೆ.

ಈ ಸುಳ್ಳನ್ನು ಬೆಳೆಸಿದವರಾರು? ಹೊಣೆ ಲೇಖಕರದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಹೊಸತು ಬೇಕು, ಭೀಕರತೆ ಬೇಕು, ಬೇಸರ ಬೇಡ ಎನ್ನುವ ಮಾರುಕಟ್ಟೆಯ ಮತ್ತು ವಿಮರ್ಶೆಯ ಹಸಿವು ಅದಕ್ಕೆ ನೀರೆರೆದಿದೆ. ಕೆಲವೇ ಗಂಟೆಗಳ ಬಂಧನವೆಂದು ಬರೆದಿದ್ದರೆ ಕಥೆ ಸಪ್ಪೆಯಾಗುತ್ತಿತ್ತು. ಆ ಸಪ್ಪೆಯಾದ ಸತ್ಯವನ್ನು ಸಹನೆಯಿಂದ ಕೇಳಬಲ್ಲವರು ಜೇಮಿಸನ್ ಅವರ ಸಭೆಯಲ್ಲಿ ಕುಳಿತಂಥ ಕೇಳುಗರು. ಅವರ ಸಹನೆಯನ್ನು ವಿಮರ್ಶೆ ಅಭಿರುಚಿಹೀನತೆಯೆಂದು ಕರೆದಷ್ಟೂ ಲೇಖಕರು ಬಣ್ಣ ಹಚ್ಚುವ ಕಡೆಗೆ ವಾಲುತ್ತಾರೆ.

ಪತನದ ಕಥೆಗೆ ಸಿಗುವ ಮನ್ನಣೆ ಚೇತರಿಕೆಯ ಕಥೆಗೆ ಸಿಗದಿರುವುದು ಹಳೆಯ ಸಂಗತಿ. ಚಾರ್ಲ್ಸ್ ಜಾಕ್ಸನ್ ಅವರ 'ದಿ ಲಾಸ್ಟ್ ವೀಕೆಂಡ್' ಕಾದಂಬರಿ 1944ರಲ್ಲಿ ಪ್ರಸಿದ್ಧವಾಯಿತು. ಮರುವರ್ಷ ಬಂದ ಅದರ ಚಲನಚಿತ್ರ ಶ್ರೇಷ್ಠ ಚಿತ್ರವೆಂಬ ಆಸ್ಕರ್ ಪ್ರಶಸ್ತಿಯನ್ನೂ ಪಡೆಯಿತು. ಕುಡಿತ ಬಿಟ್ಟ ಬಳಿಕದ ಬದುಕಿನಿಂದ ಅಂಥದೇ ಕೃತಿಯನ್ನು ಕಟ್ಟಲು ಅವರಿಗೆ ಆಗಲಿಲ್ಲ. ನಮ್ಮ ಗಡಿನಾಡಿನ ಎರಡು ಭಾಷೆಗಳಲ್ಲಿಯೂ ಪರಿಸ್ಥಿತಿ ಬಹಳ ಬೇರೆಯಿಲ್ಲ. 1919ರಲ್ಲಿ ರಂಗಕ್ಕೆ ಬಂದ ರಾಮ ಗಣೇಶ ಗಡಕರಿ ಅವರ 'ಏಕಚ್ ಪ್ಯಾಲಾ' ನಾಟಕ ಒಂದು ಬಟ್ಟಲಿನಿಂದ ಶುರುವಾಗಿ ಒಂದು ಸಂಸಾರದ ನಾಶದಲ್ಲಿ ಮುಗಿಯುತ್ತದೆ. ಕನ್ನಡದಲ್ಲಿ ಜಿ. ಪಿ. ರಾಜರತ್ನಂ ಅವರ ರತ್ನ ಕುಡುಕನಾಗಿಯೇ ಅಮರನಾದ. ಅವನನ್ನು ಸೃಷ್ಟಿಸಿದ ಕವಿ ಮಾತ್ರ ಕುಡಿಯದವರು. ಕುಡುಕನ ಅಳಲು ಮತ್ತು ಉಲ್ಲಾಸಗಳೆರಡಕ್ಕೂ ನಮ್ಮಲ್ಲಿ ಸೊಗಸಾದ ಭಾಷೆಯಿದೆ. ಕುಡಿಯದೆ ಕಳೆದ ಒಂದು ಸಾಧಾರಣ ಸಂಜೆಗೆ ಅಷ್ಟು ಸಿದ್ಧವಾದ ಭಾಷೆಯಿಲ್ಲ.

ನೋವಿನ ಸಾಕ್ಷ್ಯಕ್ಕೆ ಬೇರೆ ಅಳತೆಗೋಲು ಬೇಕೆಂಬ ವಾದ ನಮ್ಮ ಗಡಿಭಾಗಕ್ಕೆ ಹೊಸತೇನಲ್ಲ. ಅಕ್ಕಲಕೋಟೆ ತಾಲ್ಲೂಕಿನ ಹನ್ನೂರಿನಲ್ಲಿ ಹುಟ್ಟಿದ ಶರಣಕುಮಾರ ಲಿಂಬಾಳೆ 1984ರಲ್ಲಿ 'ಅಕ್ಕರಮಾಶಿ'ಯನ್ನು ಬರೆದರು. ಮರಾಠಿಯ ದಲಿತ ಆತ್ಮಕಥನಗಳೆಲ್ಲ ಒಂದೇ ಬಗೆಯವು, ಕಲೆಗಾರಿಕೆಯಿಲ್ಲದವು ಎಂಬ ಆಕ್ಷೇಪಣೆಗಳಿಗೆ ಉತ್ತರವೆನ್ನುವಂತೆ ಅವರು 1996ರಲ್ಲಿ ದಲಿತ ಸಾಹಿತ್ಯದ ಸೌಂದರ್ಯಶಾಸ್ತ್ರವನ್ನು ಕುರಿತು ಗ್ರಂಥ ರಚಿಸಿ, ಆನಂದವನ್ನೇ ಗುರಿಯಾಗಿಸಿಕೊಂಡ ಸೌಂದರ್ಯಮೀಮಾಂಸೆ ಇಂಥ ಬರವಣಿಗೆಯನ್ನು ಅಳೆಯಲಾರದೆಂದು ವಾದಿಸಿದರು. ಎರಡನ್ನೂ ಸಮೀಕರಿಸುವುದು ನನ್ನ ಉದ್ದೇಶವಲ್ಲ. ಜಾತಿಯ ಗಾಯ ಸಮಾಜ ಮಾಡಿದ್ದು. ಅಲ್ಲಿ ಲೇಖಕ ದೂರು ಕೊಡುವವನು. ಪಾನಮುಕ್ತಿಯ ಲೇಖಕನಾದರೋ ಎಷ್ಟೋ ಸಲ ತನ್ನಿಂದ ನೊಂದವರ ಎದುರು ತಪ್ಪೊಪ್ಪಿಕೊಳ್ಳಲು ನಿಂತವನು. ಆದರೂ ಪುನರಾವರ್ತನೆಯೆಂಬ ಆರೋಪಕ್ಕೆ ಲಿಂಬಾಳೆಯವರಿಂದ ಕಲಿಯಬಹುದಾದ ಪಾಠವೊಂದಿದೆ: ಒಂದೇ ಬಗೆಯ ಕಥೆ ಮತ್ತೆ ಮತ್ತೆ ಬರುತ್ತಿದ್ದರೆ, ಅದನ್ನು ಬರೆಸುತ್ತಿರುವ ಪರಿಸ್ಥಿತಿ ಇನ್ನೂ ಮುಗಿದಿಲ್ಲವೆಂದು ತಿಳಿಯಬೇಕು.

ತಪ್ಪೊಪ್ಪಿಗೆಯ ಮಾತು ಬಂದಾಗ ನಮ್ಮ ಪತ್ರಿಕೆಯ ಓದುಗರಿಗೆ ಇನ್ನೊಂದು ಪ್ರಶ್ನೆ ಸಹಜವಾಗಿಯೇ ಎದುರಾಗುತ್ತದೆ: ಅದು ಯಾವ ಭಾಷೆಯಲ್ಲಿ? ಹನ್ನೆರಡು ಹೆಜ್ಜೆಗಳಲ್ಲಿ ಎಂಟನೆಯದು ತನ್ನಿಂದ ನೊಂದವರ ಪಟ್ಟಿ ಮಾಡುವುದು. ಒಂಬತ್ತನೆಯದು ಸಾಧ್ಯವಾದಲ್ಲೆಲ್ಲ ಅವರ ಬಳಿಗೇ ಹೋಗಿ ತಪ್ಪನ್ನು ಸರಿಪಡಿಸಿಕೊಳ್ಳುವುದು. 1986ರಲ್ಲಿ ಪುಣೆಯಲ್ಲಿ ಡಾ. ಅನಿತಾ ಅವಚಟ್ ಮತ್ತು ಲೇಖಕ ಅನಿಲ್ ಅವಚಟ್ ದಂಪತಿಗಳು ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರವನ್ನು ಆರಂಭಿಸಿದ ಮೇಲೆ ಮರಾಠಿಯಲ್ಲಿ ಚೇತರಿಕೆಯನ್ನು ಕುರಿತ ಸಾರ್ವಜನಿಕ ಮಾತು ಬೆಳೆದಿದೆ. ಜತ್ತ ಅಥವಾ ಸೊಲ್ಲಾಪುರದ ಕನ್ನಡಿಗನೊಬ್ಬ ಅಂಥ ಕಡೆ ಚೇತರಿಸಿಕೊಂಡನೆನ್ನಿ. ತನ್ನ ಕಥೆಯನ್ನು ಸಭೆಯಲ್ಲಿ ಹೇಳಲು ಅವನಿಗೆ ಮರಾಠಿ ಸಿದ್ಧವಾಗಿ ಸಿಗುತ್ತದೆ. ಆದರೆ ಅವನು ಒಡೆದ ಪಾತ್ರೆ, ಒತ್ತೆಯಿಟ್ಟ ತಾಳಿ, ಹೆದರಿ ಮೂಲೆ ಸೇರಿದ ಮಕ್ಕಳು ಎಲ್ಲವೂ ಕನ್ನಡದ ಮನೆಯೊಳಗಿನವು. ಸಭೆಯ ಕಥೆ ಮರಾಠಿಯಲ್ಲಿ ಎಷ್ಟೇ ಚೆನ್ನಾಗಿ ಪಳಗಿದರೂ ಅವ್ವನ ಮುಂದೆ, ಹೆಂಡತಿಯ ಮುಂದೆ ಅದೇ ಮಾತನ್ನು ಕನ್ನಡದಲ್ಲಿ ಆಡದೆ ಒಂಬತ್ತನೆಯ ಹೆಜ್ಜೆ ಮುಗಿಯದು. ಆ ಕನ್ನಡ ತೊದಲಬಹುದು, ಕೇಳಿದ್ದನ್ನೇ ಹೇಳಬಹುದು. ಅದನ್ನು ಬರೆದಾಗ, ಶೈಲಿಯಿಲ್ಲವೆಂದು ನಮ್ಮಂಥವರು ಷರಾ ಬರೆಯುವ ಮುನ್ನ ಆ ತೊದಲು ಯಾರಿಗಾಗಿ ಎಂದು ಕೇಳಿಕೊಳ್ಳಬೇಕು. ಅನುಭವಿಗಳ ಕೂಟದ ಎದುರು ತನ್ನ ಕುಂದನ್ನು ತಾನೇ ಎತ್ತಿ ಆಡುವ ವಚನಕಾರರ ಪರಂಪರೆಯಿರುವ ಭಾಷೆಗೆ ಈ ಕೇಳ್ಮೆ ಅಪರಿಚಿತವಾಗಬಾರದು.

ವಿಮರ್ಶೆ ಮೃದುವಾಗಬೇಕೆಂದು ನಾನು ಹೇಳುತ್ತಿಲ್ಲ. ಫ್ರೇ ಪ್ರಕರಣದಲ್ಲಿ ಕಠೋರವಾದ ತನಿಖೆಯೇ ಓದುಗರಿಗೆ ನಿಜವಾದ ಉಪಕಾರ ಮಾಡಿತು. ಆ ಗಳಿಗೆಯಲ್ಲಿ ನೀಡಿದ ಬೆಂಬಲ ಅಪಕಾರವಾಗಿತ್ತು. 1939ರಲ್ಲಿ ಇದು ತಿರುವುಮುರುವಾಗಿತ್ತು. ಎರಡೂ ಕಡೆ ತೂಗಬೇಕಾದ ಸಂಗತಿಗಳು ಎರಡೇ. ನಡೆದದ್ದೆಂದು ಹೇಳಿದ್ದು ನಡೆದಿದೆಯೇ ಎಂಬುದು ಮೊದಲನೆಯದು. ಇಲ್ಲಿ ವಿಮರ್ಶಕ ಎಷ್ಟು ಕಠೋರನಾದರೂ ಕಡಿಮೆಯೇ. ಇಂದೇ ಮೊದಲ ಬಾರಿಗೆ ಬಟ್ಟಲನ್ನು ಕೆಳಗಿಟ್ಟವನಿಗೆ ಈ ಬರಹ ನಾಳೆಯ ಬೆಳಗಿನವರೆಗೆ ಜೊತೆಯಾಗುತ್ತದೆಯೇ ಎಂಬುದು ಎರಡನೆಯದು. ಇಲ್ಲಿ ವಿಮರ್ಶಕನಿಗಿಂತ ಆ ಓದುಗನ ಮಾತಿಗೆ ಹೆಚ್ಚಿನ ಅಧಿಕಾರವಿದೆ. ಕಠೋರ ವಿಮರ್ಶೆಗೆ ಕುಗ್ಗಿದ ಲೇಖಕನಿಗೆ ಅಂಥ ಓದುಗನೊಬ್ಬ, ಬರೆಯುವುದನ್ನು ನಿಲ್ಲಿಸಬೇಡಿ ಎಂದು ಹೇಳಿದರೆ, ಅದನ್ನು ಸಮಾಧಾನದ ಮಾತೆಂದು ತಿಳಿಯದೆ ಕೃತಿಯ ಮೇಲಿನ ಒಂದು ತೀರ್ಪೆಂದು ದಾಖಲಿಸಿಕೊಳ್ಳುವುದು ನಮ್ಮ ಕೆಲಸ.