ಎರಡು ಪಟ್ಟಿಗಳು

ಹೆಸರುಗಳ ಪಟ್ಟಿಯನ್ನು ಯಾರಾದರೂ ಆಸೆಪಟ್ಟು ಓದುತ್ತಾರೆಯೇ? ವರ್ಷಗಟ್ಟಲೆ ಹಾಜರಿ ಪುಸ್ತಕ ಹಿಡಿದ ನನ್ನಂಥವಳಿಗೆ ಮಾತ್ರ ಆ ಚಟ ಇರಬೇಕು. ಸಹೋದ್ಯೋಗಿಯೊಬ್ಬರು ಕೊಟ್ಟ ಕನ್ನಡ ಬೈಬಲಿನ ಹಳೆಯ ಒಡಂಬಡಿಕೆಯನ್ನು, ಅಂದರೆ ಯೆಹೂದ್ಯರ ಧರ್ಮಗ್ರಂಥವನ್ನು, ಬೇಸಿಗೆ ರಜೆಯಲ್ಲಿ ಓದುತ್ತಿದ್ದೆ. ನೆಹೆಮೀಯನ ಪುಸ್ತಕದ ಮೂರನೆಯ ಅಧ್ಯಾಯಕ್ಕೆ ಬಂದಾಗ ಕಣ್ಣು ಅಲ್ಲೇ ನಿಂತಿತು.

ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನವರು ಜೆರುಸಲೇಮನ್ನು ಸುಟ್ಟು ಜನರನ್ನು ಸೆರೆ ಒಯ್ದಿದ್ದರು. ಪರ್ಷಿಯದ ಅರಸರ ಕಾಲದಲ್ಲಿ ಹಿಂದಿರುಗಿದವರಿಗೆ ಊರೇನೋ ಇತ್ತು, ಕೋಟೆಗೋಡೆ ಇರಲಿಲ್ಲ. ಕ್ರಿ.ಪೂ. 445ರ ಸುಮಾರಿಗೆ ಅರಸನ ಪಾನಸೇವಕನಾಗಿದ್ದ ನೆಹೆಮೀಯ ಅಪ್ಪಣೆ ಪಡೆದು ಬರುತ್ತಾನೆ. 52 ದಿನಗಳಲ್ಲಿ ಗೋಡೆ ಮುಗಿಯುತ್ತದೆ. ಮೂರನೆಯ ಅಧ್ಯಾಯದ ತುಂಬ ಯಾರು ಎಲ್ಲಿಂದ ಎಲ್ಲಿಯವರೆಗೆ ಕಟ್ಟಿದರೆಂಬ ಲೆಕ್ಕ. ಪುರೋಹಿತರಿದ್ದಾರೆ, ಅಕ್ಕಸಾಲಿಗರಿದ್ದಾರೆ, ಸುಗಂಧ ಮಾಡುವವರಿದ್ದಾರೆ. ಕೆಲವರು ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನೇ ಕಟ್ಟಿದರು. ತೆಕೋವದ ದೊಡ್ಡ ಮನುಷ್ಯರು ಮಾತ್ರ ಮೈ ಬಗ್ಗಿಸಲಿಲ್ಲ, ಅದೂ ದಾಖಲಾಗಿದೆ! ಇವರ ನಡುವೆ ಶಲ್ಲೂಮನೆಂಬ ಅಧಿಕಾರಿ, ಅವನ ಜೊತೆಗೆ ಅವನ ಹೆಣ್ಣುಮಕ್ಕಳು. ಅವರ ಹೆಸರು ಹೇಳಿಲ್ಲ. ಆದರೂ ಕಲ್ಲು ಹೊತ್ತ ಆ ಹುಡುಗಿಯರನ್ನು ಬರೆದವನು ಮರೆಯಲಿಲ್ಲವಲ್ಲ ಎಂದು ಸಂತೋಷವಾಯಿತು.

ಸಮುದಾಯ ಕಟ್ಟುವ ಪಾಠ ಹೇಳುವವರಿಗೆ ನೆಹೆಮೀಯ ಅಚ್ಚುಮೆಚ್ಚು. ಅದಕ್ಕೆ ಕಾರಣವೂ ಇದೆ. ಐದನೆಯ ಅಧ್ಯಾಯದಲ್ಲಿ ಗಂಡಸರ ಜೊತೆ ಹೆಂಗಸರೂ ಗೋಳಿಡುತ್ತಾರೆ: ಹೊಲ, ದ್ರಾಕ್ಷಿತೋಟ, ಮನೆ ಎಲ್ಲ ಅಡವು ಬಿದ್ದಿದೆ, ಹೆಣ್ಣುಮಕ್ಕಳು ದಾಸಿಯರಾಗುತ್ತಿದ್ದಾರೆ, ಸಾಲ ಕೊಟ್ಟವರು ನಮ್ಮವರೇ. ನೆಹೆಮೀಯ ಸಿಟ್ಟಾಗುತ್ತಾನೆ, ತಾನೂ ಸಾಲ ಕೊಟ್ಟವನೆಂದು ಒಪ್ಪಿಕೊಳ್ಳುತ್ತಾನೆ, ಶ್ರೀಮಂತರನ್ನು ಸಭೆಯಲ್ಲಿ ನಿಲ್ಲಿಸಿ ಆಸ್ತಿಯನ್ನೂ ಬಡ್ಡಿಯನ್ನೂ ಮರಳಿ ಕೊಡಿಸುತ್ತಾನೆ. ಎಂಟನೆಯ ಅಧ್ಯಾಯವಂತೂ ಪಾಠ ಹೇಳುವವರು ಓದಲೇಬೇಕಾದದ್ದು. ಎಜ್ರನು ಮರದ ವೇದಿಕೆಯ ಮೇಲೆ ನಿಂತು ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರ ಓದುತ್ತಾನೆ. ಗಂಡಸರು, ಹೆಂಗಸರು, ತಿಳಿದುಕೊಳ್ಳಬಲ್ಲ ಎಲ್ಲರೂ ಕೇಳುತ್ತಾರೆ. ಲೇವಿಯರು ಜನರ ನಡುವೆ ನಿಂತು ಅರ್ಥ ಬಿಡಿಸಿ ಹೇಳುತ್ತಾರೆ. ಅರ್ಥವಾದವರು ಅಳುತ್ತಾರೆ. ಅಳಬೇಡಿ, ಹಬ್ಬ ಮಾಡಿ, ಏನೂ ಇಲ್ಲದವರಿಗೂ ಒಂದು ಪಾಲು ಕಳಿಸಿ ಎನ್ನುತ್ತಾರೆ ಹಿರಿಯರು. ಎಷ್ಟು ಒಳ್ಳೆಯ ಮಾತು!

ಪಾಠ ಹೇಳುವವರಲ್ಲಿ ಬಹಳ ಜನ ಇಲ್ಲಿಗೆ ಪುಸ್ತಕ ಮುಚ್ಚಿಬಿಡುತ್ತಾರೆ. ನನ್ನ ತಕರಾರು ಇರುವುದೇ ಅಲ್ಲಿ. ಯೆಹೂದ್ಯ ಸಂಪ್ರದಾಯದಲ್ಲಿ ಎಜ್ರ, ನೆಹೆಮೀಯ ಎರಡೂ ಸೇರಿ ಒಂದೇ ಪುಸ್ತಕ. ಅದರಲ್ಲಿ ಇನ್ನೊಂದು ಪಟ್ಟಿಯಿದೆ. ಹೊರಗಿನ ಹೆಣ್ಣುಗಳನ್ನು ಮದುವೆಯಾದವರು ಅವರನ್ನು ಬಿಡಬೇಕೆಂದು ತೀರ್ಮಾನವಾಗುತ್ತದೆ. ಚಳಿಗಾಲದ ಜಡಿಮಳೆಯಲ್ಲಿ ಜನ ನಡುಗುತ್ತ ಕುಳಿತಿದ್ದಾರೆ. ಮೂರು ತಿಂಗಳ ವಿಚಾರಣೆಯ ಕೊನೆಗೆ ನೂರಕ್ಕೂ ಹೆಚ್ಚು ಹೆಸರುಗಳ ಪಟ್ಟಿ, ಎಲ್ಲವೂ ಗಂಡಸರವೇ. ಹೊರಗೆ ಹೋಗಬೇಕಾದ ಹೆಣ್ಣುಗಳ ಒಂದು ಹೆಸರೂ ಇಲ್ಲ. ಕೆಲವರಿಗೆ ಮಕ್ಕಳಿದ್ದರೆಂದಷ್ಟೇ ಹೇಳಿ ಎಜ್ರನ ಭಾಗ ಮುಗಿದುಹೋಗುತ್ತದೆ. ಆ ತಾಯಂದಿರು ಎಲ್ಲಿಗೆ ಹೋದರು?

ನೆಹೆಮೀಯನೂ ಕೊನೆಯ ಅಧ್ಯಾಯದಲ್ಲಿ ಅರ್ಧದಷ್ಟು ಮಕ್ಕಳು ಅಷ್ಡೋದಿನ ಮಾತಾಡುತ್ತಾರೆ, ಯೆಹೂದ್ಯರ ನುಡಿ ಬಾರದು ಎಂದು ಕೆರಳಿ, ತಂದೆಯರಲ್ಲಿ ಕೆಲವರನ್ನು ಹೊಡೆದು ಕೂದಲು ಕೀಳುತ್ತಾನೆ. ಇದನ್ನು ಓದಿ ನಕ್ಕುಬಿಡಬಹುದಿತ್ತು. ಆದರೆ ನನ್ನ ಸೊಸೆಯ ಮನೆಮಾತು ಮರಾಠಿ. ಮೊಮ್ಮಗಳು ಮೊದಲು ಆಡಿದ್ದು ಆ ಮಾತನ್ನೇ. ಎಂಟು ದಿನ ನಾನು ಮುಖ ಊದಿಸಿಕೊಂಡಿದ್ದೆ. ಚಿಕ್ಕ ಜನಾಂಗ, ಸೆರೆಯಲ್ಲಿ ಕಳೆದ ತಲೆಮಾರುಗಳು, ನುಡಿ ಅಳಿದೀತೆಂಬ ಭಯ ಇವೆಲ್ಲ ನನಗೆ ಅರ್ಥವಾಗುತ್ತವೆ. ಭಯಪಟ್ಟವರು ಸೊಸೆಯಂದಿರ ಮೇಲೆಯೇ ಏಕೆ ಬೀಳುತ್ತೇವೆ ಎಂಬುದು ಮಾತ್ರ ಅರ್ಥವಾಗುವುದಿಲ್ಲ.

ಆದರೆ ಆ ಗ್ರಂಥದೊಳಗೇ ರೂತಳ ಪುಸ್ತಕವೂ ಇದೆ, ನಾಲ್ಕೇ ಅಧ್ಯಾಯ. ಮೋವಾಬ್ಯರು ಹತ್ತನೆಯ ತಲೆಮಾರಿನವರೆಗೂ ಸಭೆಗೆ ಸೇರಬಾರದೆಂದು ಧರ್ಮಶಾಸ್ತ್ರ ಹೇಳಿತ್ತು. ರೂತಳು ಮೋವಾಬಿನವಳು, ವಿಧವೆ. ಅತ್ತೆ ನೊವೊಮಿಯ ಕೈ ಬಿಡದೆ ಬೆತ್ಲೆಹೇಮಿಗೆ ಬಂದು, ಕೊಯ್ಲಾದ ಹೊಲದಲ್ಲಿ ತೆನೆ ಆಯ್ದು ಅತ್ತೆಯನ್ನು ಸಾಕುತ್ತಾಳೆ. ಬೋವಜನನ್ನು ಮದುವೆಯಾಗುತ್ತಾಳೆ. ಅರಸ ದಾವೀದ ಅವಳ ಮರಿಮಗ. ಹತ್ತರ ಲೆಕ್ಕ ಎಲ್ಲಿ ಹೋಯಿತು! ಎಜ್ರನ ಕಟ್ಟುನಿಟ್ಟಿಗೆ ಉತ್ತರವಾಗಿಯೇ ಈ ಕಥೆ ಹುಟ್ಟಿತೆಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ, ಎಲ್ಲರೂ ಒಪ್ಪಿಲ್ಲ. ಯಾವುದು ಮೊದಲಾದರೂ ಸರಿ, ಯೆಹೂದ್ಯರು ಎರಡನ್ನೂ ಉಳಿಸಿಕೊಂಡರು. ಶಾವುವೋತ್ ಹಬ್ಬದಲ್ಲಿ ರೂತಳ ಕಥೆಯನ್ನು ಈಗಲೂ ಓದುತ್ತಾರೆ. ನಾಳೆಯನ್ನು ಕಟ್ಟಲು ನೆಹೆಮೀಯನನ್ನು ತೆರೆಯುವವರು ಪಕ್ಕದಲ್ಲಿ ಈ ನಾಲ್ಕು ಅಧ್ಯಾಯಗಳನ್ನೂ ಇಟ್ಟುಕೊಳ್ಳಲಿ ಎಂಬುದು ನನ್ನ ಬೇಡಿಕೆ.

ರೂತಳ ಪುಸ್ತಕದ ಮೇಲೂ ನನಗೊಂದು ದೂರಿದೆ. ಏಳು ಗಂಡುಮಕ್ಕಳಿಗಿಂತ ಈ ಸೊಸೆ ಮೇಲೆಂದು ನೆರೆಯ ಹೆಂಗಸರು ಹೊಗಳುತ್ತಾರೆ. ಮಗು ಹುಟ್ಟಿದಾಗ ಅವರೇ ಓಬೇದನೆಂದು ಹೆಸರಿಡುತ್ತಾರೆ. ನೊವೊಮಿಗೆ ಮಗ ಹುಟ್ಟಿದನೆಂದು ಸಂಭ್ರಮಿಸುತ್ತಾರೆ. ಹೆತ್ತ ರೂತಳು ಆಮೇಲೆ ಒಂದು ಮಾತೂ ಆಡುವುದಿಲ್ಲ.